ಬಾಯಮ್ಮನ ಗಂಡ ಊಟಕ್ಕೆ ಬಂದದ್ದು

ನಮ್ಮ ಅಡುಗೆಮನೆಯಲ್ಲಿ, ಫ್ರಿಡ್ಜಿಗೂ ಬಾಗಿಲಿಗೂ ನಡುವಿನ ಇಕ್ಕಟ್ಟಿನಲ್ಲಿ, ಒಂದು ಮರದ ಸ್ಟೂಲಿದೆ. ಅದರ ನೀಲಿ ಬಣ್ಣ ಅಂಚಿನಲ್ಲೆಲ್ಲ ಎದ್ದುಹೋಗಿದೆ. ಒಂದು ಕಾಲು ಉಳಿದ ಕಾಲುಗಳಿಗಿಂತ ತುಸು ಗಿಡ್ಡ. ಕೂತವರು ಸ್ವಲ್ಪ ಮಿಸುಕಾಡಿದರೆ ಸಾಕು, ಟಕ್ ಎಂದು ಆ ಕಡೆಗೆ ವಾಲುತ್ತದೆ, ಮತ್ತೆ ಟಕ್ ಎಂದು ಈ ಕಡೆಗೆ. ಹೆಂಡತಿ ಹೇಳುತ್ತಲೇ ಇರುವ, ಗಂಡ ಮಾಡದೆಯೇ ಇರುವ ಸಣ್ಣ ಕೆಲಸಗಳು ಎಲ್ಲ ಮನೆಗಳಲ್ಲೂ ಇರುತ್ತವಷ್ಟೆ. ನಮ್ಮಲ್ಲಿ ಅವುಗಳಿಗೆಲ್ಲ ಹಿರಿಯದು ಈ ಸ್ಟೂಲಿನ ಕಾಲು. "ಒಂದು ರಟ್ಟಿನ ತುಂಡಾದರೂ ಅಡಿಗೆ ಇಡಿ ಮಾರಾಯ್ರೆ" ಎಂದು ನಾನು ಹೇಳುತ್ತಿದ್ದೆ. "ಇಡುವ, ಇಡುವ" ಎಂದು ಅವರು ಹೇಳುತ್ತಿದ್ದರು. ಇಡಲಿಲ್ಲ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಆಫೀಸಿನ ಮುಂದೆ ಕಾರು ನಿಲ್ಲಿಸಿ ಬೆಲ್ಟ್ ಬಿಚ್ಚುವ ಮೊದಲೇ, ಅವರ ಹೃದಯ ನಿಂತುಹೋಯಿತು. ಸ್ಟೂಲು ಈಗಲೂ ವಾಲುತ್ತದೆ.

ನಾನು ಹೇಳಹೊರಟಿರುವುದು ಅಮೆರಿಕದ ಒಬ್ಬ ಲೇಖಕಿಯ ವಿಚಾರ. ಈ ಸ್ಟೂಲಿನಿಂದ ಅಮೆರಿಕಕ್ಕೆ ದಾರಿ ಬಹಳ ದೂರವೆಂದು ನಿಮಗೆ ಕಂಡರೆ ಸ್ವಲ್ಪ ತಾಳಿ. ನಾವಿರುವ ಈ ಅರಬ್ ದೇಶದ ಸೀಬ್ ಎಂಬ ಊರಿನ ಒಂದು ಖಾಲಿ ಬಂಗಲೆಯ ಮೂಲಕ ಹೋದರೆ ಅದು ಹತ್ತಿರವೇ.

ನನ್ನ ಯಜಮಾನರು ಇಲ್ಲಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಒಂದು ಕಂಪೆನಿಯಲ್ಲಿ ಗುಮಾಸ್ತರಾಗಿದ್ದರು. ಈ ದೇಶಕ್ಕೆ ದುಡಿಯಲು ಬಂದವರೆಲ್ಲ ಒಂದು ದಿನ ಹೋಗುವವರೇ. ಹೋಗುವ ಮುಂಚೆ ಸೋಫಾ, ಫ್ರಿಡ್ಜು, ಮಂಚಗಳನ್ನು ಸಿಕ್ಕ ಬೆಲೆಗೆ ಮಾರುತ್ತಾರೆ. ಯಾರಿಗೂ ಬೇಡವಾದದ್ದನ್ನು ಅಲ್ಲೇ ಬಿಟ್ಟು ವಿಮಾನ ಹತ್ತುತ್ತಾರೆ. ಬೀಗದ ಕೈ ತರಲು ಹೋಗುತ್ತಿದ್ದ ಇವರು ಆ ಬೇಡವಾದದ್ದರಲ್ಲಿ ಒಂದೊಂದನ್ನು ಕೈಯಲ್ಲಿ ಹಿಡಿದು, ಆಗಷ್ಟೇ ಜಾತ್ರೆಯಿಂದ ಬಂದವರ ಹಾಗೆ ಮನೆಗೆ ಬರುತ್ತಿದ್ದರು. ಹಾಗೆ ಒಂದು ಅಮೆರಿಕನ್ ಕುಟುಂಬ ಖಾಲಿ ಮಾಡಿದ ಮನೆಯಿಂದ ಒಂದೇ ಸಂಜೆ ಎರಡು ವಸ್ತುಗಳು ಬಂದವು: ಈ ಸ್ಟೂಲು, ಮತ್ತು ಅದರ ಮೇಲೆ ಯಾರೋ ಮರೆತಿಟ್ಟಿದ್ದ ಒಂದು ಹಳೆಯ ಇಂಗ್ಲಿಷ್ ಪುಸ್ತಕ.

ಊರಲ್ಲಿ ನನ್ನ ಅಮ್ಮ ತೀರಿಕೊಂಡು ಆಗ ಸ್ವಲ್ಪವೇ ಸಮಯವಾಗಿತ್ತು. ನನ್ನ ಪಾಸ್‌ಪೋರ್ಟು ಹೊಸದಾಗಲು ಹೋಗಿತ್ತು. ಅದು ಕೈಗೆ ಬರುವಷ್ಟರಲ್ಲಿ ಅಲ್ಲಿ ಎಲ್ಲವೂ ಮುಗಿದಿತ್ತು. ನಾನು ಮಾತು ಬಿಟ್ಟಿದ್ದೆ. ಅಡುಗೆ ಮಾಡುತ್ತಿದ್ದೆ, ಬಟ್ಟೆ ಮಡಚುತ್ತಿದ್ದೆ, ನಾನು ಕೆಲಸ ಮಾಡುವ ಶಿಶುವಿಹಾರಕ್ಕೆ ಹೋಗಿ ಪುಟ್ಟ ಮಕ್ಕಳ ಕೈ ಬಾಯಿ ಒರೆಸಿ ಬರುತ್ತಿದ್ದೆ. ಆದರೆ ಮನೆಯೊಳಗೆ ನನ್ನ ದನಿ ಕೇಳುತ್ತಿರಲಿಲ್ಲ. ಇವರಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಬಂದದ್ದು ಒಂದೇ: ಸ್ಟೂಲನ್ನು ಅಡುಗೆಮನೆಗೆ ಎಳೆದು ತಂದು ಕೂತು, ಆ ಪುಸ್ತಕ ತೆರೆದು, "ಇದರಲ್ಲಿ ಒಬ್ಬಳು ಬಾಯಮ್ಮ ಇದ್ದಾಳೆ, ನೀನು ಊರಲ್ಲಿ ಸಾಕಿದ ಹಾಗೇ ಕೋಳಿ ಸಾಕಿದವಳು, ಕೇಳು" ಎಂದದ್ದು.

ಬಾಯಮ್ಮ ಎಂದರೆ ನಮ್ಮ ಕಡೆ ಕ್ರಿಶ್ಚಿಯನ್ ಮನೆಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಆ ಲೇಖಕಿಗೆ ನಿಜವಾದ ಹೆಸರು ಇದೆ, ಮುಖಪುಟದಲ್ಲೇ ಇದೆ. ಅದು ನನ್ನ ನಾಲಿಗೆಗೆ ಹೊರಳುವುದಿಲ್ಲ, ನಿಮ್ಮ ಕಿವಿಗೂ ಪರಿಚಯದ್ದಾಗಿರಲಾರದು. ನನಗೆ ಅವರು ಅಂದಿನಿಂದ ಇಂದಿನವರೆಗೆ ಬಾಯಮ್ಮನೇ.

ಇವರು ಓದುವ ಕ್ರಮವನ್ನು ಹೇಳಬೇಕು. ನಮ್ಮ ಮನೆಮಾತು ತುಳು. ಬೈಗುಳವೂ ಮುದ್ದೂ ಅದರಲ್ಲೇ. ಆದರೆ ಪುಸ್ತಕ ತೆರೆದೊಡನೆ ಇವರು ಕನ್ನಡಕ್ಕೆ ಬರುತ್ತಿದ್ದರು, ಹಳ್ಳಿಯ ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸುತ್ತಿದ್ದ ಹುಡುಗ ಒಳಗೆಲ್ಲೋ ಎಚ್ಚರಗೊಂಡ ಹಾಗೆ. ಮೊದಲು ಒಂದು ಪ್ಯಾರಾವನ್ನು ತುಟಿಯಲ್ಲೇ ಇಂಗ್ಲಿಷಿನಲ್ಲಿ ಓದಿಕೊಳ್ಳುವುದು, ಆಮೇಲೆ ಕನ್ನಡಕವನ್ನು ಹಣೆಗೇರಿಸಿ ಗೋಡೆಯ ಕಡೆ ನೋಡುತ್ತ ಅದನ್ನು ಕನ್ನಡದಲ್ಲಿ ಹೇಳುವುದು. ತೆಂಗಿನಕಾಯಿ ತುರಿಯುವ ಸದ್ದಿಗೆ ಅಡ್ಡಿಯಿರಲಿಲ್ಲ. ಮಿಕ್ಸಿ ಹಾಕಿದರೆ ಮಾತ್ರ ಬಾಯಮ್ಮ ಬಾಯಿ ಮುಚ್ಚಿ ಕಾಯಬೇಕಾಗಿತ್ತು. ಟಕ್ ಎಂದು ಸ್ಟೂಲು ಆ ಕಡೆ ವಾಲಿದರೆ ಇವರು ಓದಿಕೊಳ್ಳುತ್ತಿದ್ದಾರೆಂದೂ ಈ ಕಡೆ ವಾಲಿದರೆ ಹೇಳಲು ತಯಾರಾದರೆಂದೂ ನನಗೆ ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು.

ಹಾಗೆ ನಾನು ಕೇಳಿದ ಬಾಯಮ್ಮ ಗೋದಿಯ ಹೊಲಗಳ ನಡುವಿನ ಒಂದು ಒಂಟಿ ಮನೆಯವಳು. ಅವಳ ಗಂಡ ಊರೂರಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ಅವಳು ಒಂದು ಸಲ ರೊಟ್ಟಿಯ ಹಿಟ್ಟಿನ ಬಗ್ಗೆ ಬರೆಯುತ್ತಾಳೆ, ಒಂದು ಸಲ ಮೊಟ್ಟೆಯಿಡಲು ಒಪ್ಪದ ಕೋಳಿಯ ಬಗ್ಗೆ, ಇನ್ನೊಂದು ಸಲ ಚಳಿಗೆ ಮರಗಟ್ಟಿದ ನೀರಿನ ಪಂಪಿನ ಹಿಡಿಗೆ ಕೈ ಅಂಟಿಕೊಂಡದ್ದರ ಬಗ್ಗೆ. ಹಿಟ್ಟು ಉಬ್ಬುವುದೆಂದರೆ ನಮ್ಮ ಇಡ್ಲಿ ಹಿಟ್ಟು ಹುಳಿ ಬಂದ ಹಾಗೆಂದೂ ಹಿಮವೆಂದರೆ ಬಹಳ ಸಮಯ ಒರೆಸದ ಫ್ರೀಜರಿನ ಒಳಗಿನ ಹಾಗೆಂದೂ ಇವರು ನಡುನಡುವೆ ತಿಳಿಸಿ ಹೇಳುತ್ತಿದ್ದರು. ಕೊನೆಗೆ, ಪ್ರತಿಯೊಂದು ಬರಹದ ಕೊನೆಗೂ, ಒಂದೇ ಮಾತು: ಅಷ್ಟರಲ್ಲಿ ಅವನು ಬಂದ, ಕಾಲು ತೊಳೆದು ಊಟಕ್ಕೆ ಕೂತ.

ನಾನು ಮತ್ತೆ ಬಾಯಿ ಬಿಟ್ಟದ್ದು ಈ ಕಾಲಿನ ದೆಸೆಯಿಂದ.

"ಅಮೆರಿಕದವರು ಊಟಕ್ಕೆ ಮೊದಲು ಕಾಲು ತೊಳೀತಾರಾ?" ಎಂದೆ ಒಂದು ಸಂಜೆ.

"ಈ ಮನುಷ್ಯ ತೊಳೀತಾನೆ. ಹೊಲದಲ್ಲಿ ಕೆಸರು ಉಂಟಲ್ಲ?"

"ಹಿಮ ಅಂದ್ರಿ ಈಗಷ್ಟೇ."

"ಕರಗಿದ ಮೇಲೆ ಕೆಸರೇ ಅಲ್ವಾ? ನೀನು ಸುಮ್ಮನೆ ಕಾಯಿ ತುರಿ ಮಾರಾಯ್ತಿ."

ನನಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗುವಾದ್ದರಿಂದ ಇವರು ಪುಸ್ತಕ ಮುಚ್ಚಿ, ಗೆದ್ದವರ ಹಾಗೆ ಎದ್ದುಹೋದರು.

ಕೇಳುವವರು ಮುಂದೆ ಇಬ್ಬರಾದೆವು. ನಮ್ಮ ಮೇಲಿನ ಮಹಡಿಯ ಝೊಹರಾ ಉಪ್ಪಿನಂಗಡಿ ಕಡೆಯವಳು, ಬ್ಯಾರಿ. ಅವಳ ಗಂಡ ವ್ಯಾನಿನಲ್ಲಿ ಪ್ಲಾಸ್ಟಿಕ್ ಸಾಮಾನು ತುಂಬಿಕೊಂಡು ದೂರದ ಇಬ್ರಿ ಎಂಬ ಊರಿನ ಅಂಗಡಿಗಳಿಗೆ ಹಾಕಿ ಬರುತ್ತಾನೆ. ಅವನು ಇಬ್ರಿಗೆ ಹೋದ ದಿನ ಅವಳು ತರಕಾರಿಯನ್ನು ಪಾತ್ರೆಗೆ ಹಾಕಿಕೊಂಡು ಇಳಿದು ಬಂದು, ನಮ್ಮ ಹಾಲ್‌ನಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂರುತ್ತಿದ್ದಳು. ಅವಳು ಕೇಳುವುದು ಸುಮ್ಮನೆ ಕೇಳುವುದಲ್ಲ, ಸಾಕ್ಷಿಯನ್ನು ಪಾಟೀಸವಾಲು ಮಾಡುವುದು. "ಅಷ್ಟು ಚಳಿಗೆ ಇವಳ ಗಂಡ ಎಂತಕ್ಕೆ ತಿರುಗುದು ಅಣ್ಣಾ? ನಮ್ಮನೆಯವರ ಹಾಗೆ ಇವನಿಗೂ ಮನೆಯಲ್ಲಿ ಕೂತ್ರೆ ಮೈ ಕಡಿತದಾ?" ಎಂದು ಕೇಳುವಳು. ಇವರು ಕನ್ನಡಕ ಇಳಿಸಿ ಪುಟವನ್ನು ನೋಡಿ, "ಪಕ್ಕದ ಊರಲ್ಲಿ ಗಾಳಿಯಂತ್ರ ಹಾಳಾಗಿದೆಯಂತೆ" ಎಂದು ಉತ್ತರ ಹುಡುಕಿ ಕೊಡುವರು.

ಹೀಗೆ ಪುಸ್ತಕ ಅರ್ಧ ದಾಟಿತ್ತು. ಅವಸರ ನಮಗೆ ಯಾರಿಗೂ ಇರಲಿಲ್ಲ. ಕೆಲವು ಬರಹಗಳನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದೆವು. ಹಾಗೆಯೇ ವರ್ಷಗಳು ಹೋದವು, ಇವರೂ ಹೋದರು.

ಇವರನ್ನು ಊರಿಗೆ ಕೊಂಡುಹೋಗಿ, ಆಗಬೇಕಾದದ್ದನ್ನೆಲ್ಲ ಮಾಡಿ, ನಾನೂ ಮಗಳು ಶ್ರೇಯಾಳೂ ಮರಳಿ ಬಂದೆವು. ಇನ್ನೆಂತಕ್ಕೆ ಮರುಭೂಮಿ, ಊರಲ್ಲೇ ಇದ್ದುಬಿಡು ಎಂದು ಹೇಳಿದವರು ತುಂಬ ಮಂದಿ. ನನ್ನ ಕೆಲಸ ಇಲ್ಲಿದೆ, ಮಗಳ ಕಾಲೇಜು ಇಲ್ಲಿದೆ, ಇವರ ದನಿ ಉಳಿದ ಅಡುಗೆಮನೆ ಇಲ್ಲಿದೆ. ದುಃಖಪಡಲು ಒಂದು ಜಾಗ ಬೇಕು. ಅದು ನಾವು ಬದುಕಿದ ಜಾಗವೇ ಆಗಿರಬೇಕು. ಇದನ್ನು ಆಗ ಹೀಗೆ ಹೇಳಲು ಗೊತ್ತಾಗಿರಲಿಲ್ಲ. ಹೋಗುವುದಿಲ್ಲ ಎಂದಷ್ಟೇ ಹೇಳಿದ್ದೆ.

ಒಂದು ಶುಕ್ರವಾರ ಮಧ್ಯಾಹ್ನ, ಫ್ರಿಡ್ಜಿನ ಮೇಲಿದ್ದ ಪುಸ್ತಕವನ್ನು ಧೂಳು ಒರೆಸಿ ಕೆಳಗಿಳಿಸಿದೆ. ಗುರುತಿಗೆಂದು ಇವರು ಇಟ್ಟಿದ್ದ ಚಹಾಪುಡಿ ಪೊಟ್ಟಣದ ಚೂರು ಹಾಗೆಯೇ ಇತ್ತು. ನನಗೆ ಬರುವ ಇಂಗ್ಲಿಷು ಶಿಶುವಿಹಾರದ್ದು: ಕೂತುಕೋ, ಕೈ ತೊಳೆ, ಅಳಬೇಡ. ಅದರಿಂದ ಪುಸ್ತಕ ಓದಲು ಆಗುವುದಿಲ್ಲ. ಇವರು ನಿಲ್ಲಿಸಿದಲ್ಲಿಂದ ಮುಂದೆ ಬಾಯಮ್ಮನ ಮನೆಯಲ್ಲಿ ಏನಾಯಿತು ಎಂದು ತಿಳಿಯದೆ ನನಗೆ ಇರಲಾಗುತ್ತಿರಲಿಲ್ಲ. ನನ್ನ ಮನೆಯಲ್ಲಿ ನಿಂತುಹೋದದ್ದು ಆ ಮನೆಯಲ್ಲಾದರೂ ಮುಂದುವರಿಯಬೇಕಿತ್ತು. ಓದಿ ಹೇಳೆಂದು ಶ್ರೇಯಾಳ ಕೈಗೆ ಕೊಟ್ಟೆ. ಅವಳು ಗುರುತನ್ನು ಬಿಟ್ಟು ಮೊದಲ ಪುಟವನ್ನೇ ತೆರೆದಳು. ಏನನ್ನೂ ಮೊದಲಿನಿಂದಲೇ ಶುರುಮಾಡುವ ಹುಡುಗಿ ಅವಳು.

"ಅಮ್ಮಾ, ವೇಟ್," ಎಂದಳು. "ಇವರ ಹಸ್ಬೆಂಡ್ ಇಲ್ವಲ್ಲ."

"ಗಾಳಿಯಂತ್ರಕ್ಕೆ ಹೋಗಿರಬೇಕು."

"ನೋ ಅಮ್ಮಾ. ಹಿ ಈಸ್ ಡೆಡ್. ಫಸ್ಟ್ ಪೇಜಲ್ಲೇ. ಪೂರ್ತಿ ಬುಕ್ಕೇ ಅದರ ನಂತರದ್ದು."

ಅಲ್ಲಲ್ಲಿ ತೆರೆದು ನೋಡು ಎಂದೆ. ನೋಡಿದಳು. ರೊಟ್ಟಿಯ ಹಿಟ್ಟಿತ್ತು, ಕೋಳಿಯಿತ್ತು, ಪಂಪಿತ್ತು. ಊಟಕ್ಕೆ ಬಂದವನು ಒಂದು ಪುಟದಲ್ಲೂ ಇರಲಿಲ್ಲ. ಕಾಲು ತೊಳೆದ ನೀರು ಬಾಯಮ್ಮನ ಅಂಗಳದಲ್ಲಿ ಒಂದು ದಿನವೂ ಹರಿದಿರಲಿಲ್ಲ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸತ್ತವರ ಮೇಲಿನ ಸಿಟ್ಟಿನಷ್ಟು ಕಷ್ಟದ್ದು ಇನ್ನೊಂದಿಲ್ಲ. ಜಗಳಕ್ಕೆ ಎದುರಾಳಿ ಇಲ್ಲ, ಮುನಿಸಿಗೆ ಕಾಯುವವರಿಲ್ಲ. ಇಷ್ಟು ವರ್ಷ ಎದುರಿಗೆ ಕೂತು, ಪುಟ ನೋಡಿಕೊಂಡೇ, ಇಲ್ಲದ್ದನ್ನು ಹೇಳಿದರಲ್ಲ; ಹಾಗಾದರೆ ಇವರು ಹೇಳಿದ ಬೇರೆ ಮಾತುಗಳಲ್ಲಿ ಯಾವುದನ್ನು ನಂಬಲಿ? "ಎದೆನೋವು ಏನೂ ಇಲ್ಲ, ಗ್ಯಾಸು" ಎಂದು ಒಮ್ಮೆ ಹೇಳಿದ್ದನ್ನೂ ಕೂಡಿಸಿ ನೋಡಿದೆ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಹೇಗೆ ಬದುಕಿದಳು ಎಂಬುದನ್ನು ಹೇಳುವ ಪುಸ್ತಕ ನನ್ನ ಅಡುಗೆಮನೆಯಲ್ಲೇ ಇತ್ತು. ಅದರಿಂದ ನನಗೆ ಅಗತ್ಯವಾಗಿ ಬೇಕಾದದ್ದನ್ನೇ ತೆಗೆದುಹಾಕಿ ಉಳಿದದ್ದನ್ನು ಬಡಿಸಿದ್ದರು. ಅದರ ಮೇಲೆ ಇನ್ನೂ ಒಂದು: ನಾನು ಅಷ್ಟೊಂದು ಸಂಜೆ ಊಟಕ್ಕೆ ಬರಮಾಡಿಕೊಂಡಿದ್ದ ಆ ಗಾಳಿಯಂತ್ರದವನೂ ಈಗ ಸತ್ತ. ಒಂದೇ ಮನೆಯಲ್ಲಿ ಎರಡು ಸೂತಕ.

ಆದರೂ ಮಗಳಿಗೆ ಓದು ಎಂದೆ. ಶುಕ್ರವಾರದಿಂದ ಶುಕ್ರವಾರಕ್ಕೆ ಅವಳು ಓದಿ, ತನ್ನ ಅರ್ಧ ತುಳು ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು, ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ. ಆಗ ನಿಜವಾದ ಬಾಯಮ್ಮ ನನ್ನೆದುರು ಬಂದಳು.

ಅವಳು ಶಾಲೆಯ ಟೀಚರಾಗಿದ್ದವಳು. ಮದುವೆಯಾದ ಮೇಲೆ ಕೆಲಸ ಬಿಟ್ಟು ಆ ಒಂಟಿ ಮನೆಗೆ ಬಂದಳು. ಗಂಡ ಇರುವವರೆಗೆ ಒಂದು ಸಾಲನ್ನೂ ಬರೆದವಳಲ್ಲ. ಅವನು ಸತ್ತ ಮೇಲೆ ಸಂಜೆಯ ಊಟದ ಹೊತ್ತು ಏನು ಮಾಡುವುದೆಂದು ತಿಳಿಯದೆ, ಆ ದಿನ ಮನೆಯಲ್ಲಿ ಏನೇನು ನಡೆಯಿತು ಎಂದು ಬರೆಯಲು ಕೂತಳು. ಅವನಿದ್ದರೆ ಊಟದ ಮೇಜಿನಲ್ಲಿ ಬಾಯಲ್ಲಿ ಹೇಳುತ್ತಿದ್ದದ್ದೇ ಅದು. ಅಲ್ಲಿನ ಸಣ್ಣ ವಾರಪತ್ರಿಕೆಯವರು, ಬಿತ್ತನೆಬೀಜದ ಜಾಹೀರಾತಿನ ಪಕ್ಕದಲ್ಲಿ, ಅದನ್ನು ಹಾಕಿಕೊಂಡರು. ಮುದುಕಿಯಾದ ಮೇಲೆ ಒಂದು ಪುಸ್ತಕ ಬಂತು, ಮತ್ತೊಂದು ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದ ಶ್ರೇಯಾಳಿಗೆ ಸಿಕ್ಕಿದ್ದು ಒಂದು ಮಸುಕು ಫೋಟೋ ಮಾತ್ರ: ಹುಲ್ಲು ಬೆಳೆದ ಒಂದು ಸಮಾಧಿಕಲ್ಲು, ಗಂಡನ ಹೆಸರು ಮೇಲೆ, ಅವಳದು ಕೆಳಗೆ. "ಶಿ ವಾಸ್ ನಾಟ್ ಫೇಮಸ್, ಅಮ್ಮಾ," ಎಂದಳು, ನನಗೆ ಬೇಸರವಾದೀತೆಂದು ಮೆಲ್ಲಗೆ.

ಬೇಸರವಾಗಲಿಲ್ಲ. ಸಾವಿರ ಜನಕ್ಕೆ ಬಡಿಸುವ ಅಡುಗೆ ಒಂದು ಬಗೆಯದು, ಒಬ್ಬರ ನಾಲಿಗೆಯನ್ನು ಬಲ್ಲವರು ಆ ಒಬ್ಬರಿಗೆಂದೇ ಮಾಡುವ ಅಡುಗೆ ಇನ್ನೊಂದು ಬಗೆಯದು. ಬಾಯಮ್ಮ ಒಬ್ಬನಿಗಾಗಿಯೇ ಬರೆದವಳು. ಅವನು ಓದುವಂತಿರಲಿಲ್ಲ, ಆದ್ದರಿಂದ ಉಳಿದದ್ದು ನಮ್ಮ ಪಾಲಿಗೆ ಬಂತು. ಅವಳ ಬರವಣಿಗೆಯಲ್ಲಿ ಗಂಡನ ಗುಣಗಾನವಿಲ್ಲ, ಗೋಳಾಟವಿಲ್ಲ. ಕೋಳಿಗೆ ಕಾಳು ಹಾಕಿದ್ದನ್ನು ಹೇಳುತ್ತಾಳೆ, ಆ ಕಾಳಿನ ಡಬ್ಬದ ಮುಚ್ಚಳ ಬಿಗಿಯಾಗಿ ಮುಚ್ಚಿಡುತ್ತಿದ್ದವನು ಈಗ ಇಲ್ಲದ್ದರಿಂದ ಇಲಿ ಬಂತು ಎಂದು ಹೇಳುತ್ತಾಳೆ, ಇಲಿಯ ಬಗ್ಗೆ ಮುಂದುವರಿಸುತ್ತಾಳೆ. ಓದುವವರು ನಿಂತುಬಿಡುವುದು ಮುಚ್ಚಳದ ಹತ್ತಿರ; ಅವಳು ಅಷ್ಟರಲ್ಲಿ ಇಲಿಯ ಹಿಂದೆ ಹೋಗಿರುತ್ತಾಳೆ. ಇದು ದೊಡ್ಡ ವಿದ್ಯೆ ಎಂದು ಶಾಲೆಯ ಮೇಲೆ ಹೆಚ್ಚು ಓದದ ನಾನು ಧೈರ್ಯವಾಗಿಯೇ ಹೇಳುತ್ತೇನೆ.

ಕೋಟಿನ ಬರಹವೊಂದಿದೆ. ಇವರ ಬಾಯಲ್ಲಿ ನಾನು ಅದನ್ನು ಕೇಳಿದ್ದು ಹೀಗೆ: ಬಾಯಮ್ಮನ ಕೋಟು ಒಗೆಯಲು ಹಾಕಿತ್ತು, ಅದಕ್ಕೆ ಗಂಡನ ಕೋಟು ತೊಟ್ಟು ಕೋಳಿಗೂಡಿಗೆ ಹೋದಳು, ಕಿಸೆಗೆ ಕೈ ಹಾಕಿದರೆ ಮೊಳೆ, ಹುರಿಹಗ್ಗ, ಮೊಂಡು ಪೆನ್ಸಿಲು, "ಇವನಿಗೆ ಬುದ್ಧಿ ಬರುವುದು ಯಾವಾಗ" ಎಂದು ಬೈದುಕೊಂಡಳು. ಆ ಸಂಜೆ ನಾನೂ ಝೊಹರಾಳೂ ನಮ್ಮ ನಮ್ಮ ಗಂಡಂದಿರ ಕಿಸೆಗಳಲ್ಲಿ ಸಿಕ್ಕಿದ್ದನ್ನೆಲ್ಲ ಹೇಳಿಕೊಂಡು ಬಿದ್ದು ಬಿದ್ದು ನಕ್ಕಿದ್ದೆವು. ಪುಸ್ತಕದಲ್ಲಿ ಇರುವುದು ಬೇರೆ: ಚಳಿಗಾಲ ಪೂರ್ತಿ ಅವಳು ತನ್ನ ಕೋಟನ್ನು ಮುಟ್ಟಲಿಲ್ಲ, ಅವನದನ್ನೇ ತೊಟ್ಟಳು, ಕಿಸೆಯ ಮೊಳೆಗಳನ್ನು ತೆಗೆದಿಡಲಿಲ್ಲ, ಏಕೆಂದರೆ ಆ ಭಾರವಿದ್ದರೆ ಗಾಳಿಗೆ ಎದುರಾಗಿ ನಿಲ್ಲಲು ಆಗುತ್ತಿತ್ತು. ಇದನ್ನು ಶ್ರೇಯಾ ಓದಿ ಹೇಳಿದಾಗ ನಾನು ಎದ್ದುಹೋಗಿ ಕಪಾಟಿನಿಂದ ಇವರ ಬೂದು ಸ್ವೆಟರನ್ನು ತಂದೆ. ಹೊರಗೆ ಕಾಗೆಯೂ ಹಾರದಂಥ ಬಿಸಿಲಿನ ಈ ಊರಲ್ಲಿ, ಆಫೀಸಿನ ಏಸಿಯ ಚಳಿಗೆಂದು ಇವರು ವರ್ಷವಿಡೀ ತೊಡುತ್ತಿದ್ದ ಸ್ವೆಟರು. ಕಿಸೆಯಲ್ಲಿ ಯಾವುದೋ ಮನೆಯ ಬೀಗದ ಕೈಯೊಂದಿತ್ತು. ಅದನ್ನು ತೆಗೆಯದೆ ತೊಟ್ಟುಕೊಂಡೆ. ಮಗಳು ಏಸಿಯನ್ನು ಸ್ವಲ್ಪ ಹೆಚ್ಚು ತಣ್ಣಗೆ ಮಾಡಿದಳು.

ಸಿಟ್ಟು ಇಳಿದದ್ದು ಆ ದಿನ. ಇಳಿದ ಮೇಲೆ ಯೋಚಿಸಲು ಜಾಗವಾಯಿತು. ಇವರಿಗೆ ತಮ್ಮ ಸಾವಿನ ಸುಳಿವು ಇತ್ತೇ ಎಂದು ಕೇಳಿದವರಿದ್ದಾರೆ. ಇಲ್ಲ. ಈ ಕತೆ ಶುರುವಾದದ್ದು ಅದಕ್ಕೂ ಎಷ್ಟೋ ವರ್ಷ ಮುಂಚೆ. ತಾಯಿ ಸತ್ತು ಮಾತು ಬಿಟ್ಟ ಹೆಂಡತಿಯ ಎದುರು ಸ್ಟೂಲು ಹಾಕಿ ಕೂತ ಮನುಷ್ಯ, ಮುಖಪುಟದ ಕೋಳಿಯ ಚಿತ್ರ ನೋಡಿ ಇದು ಒಳ್ಳೆಯ ಪುಸ್ತಕವೆಂದು ತೆರೆದ ಮನುಷ್ಯ, ಮೊದಲ ಪುಟದಲ್ಲೇ ಸಾವನ್ನು ಕಂಡು ಏನು ಮಾಡಿಯಾನು? ಪುಸ್ತಕ ಮುಚ್ಚಬಹುದಿತ್ತು, ಆದರೆ ಕೋಳಿಯ ಕತೆ ಹೇಳುತ್ತೇನೆಂದು ಆಗಲೇ ಮಾತು ಕೊಟ್ಟಾಗಿತ್ತು. ಸ್ಟೂಲು ಟಕ್ ಎಂದು ಆ ಕಡೆಯಿಂದ ಈ ಕಡೆಗೆ ವಾಲುವಷ್ಟರಲ್ಲಿ ಸತ್ತವನನ್ನು ಬದುಕಿಸಿದರು. ಆಮೇಲೆ ಪಾಡು ನೋಡಿ! ಒಮ್ಮೆ ಬದುಕಿಸಿದವನನ್ನು ಮತ್ತೆ ಸಾಯಿಸುವುದು ಹೇಗೆ? ಅವನಿಗೆ ದಿನಾ ಒಂದು ಕೆಲಸ ಹುಡುಕಬೇಕು, ಹಗಲೆಲ್ಲ ಎಲ್ಲಾದರೂ ಓಡಾಡಿಸಬೇಕು, ಝೊಹರಾಳ ಪ್ರಶ್ನೆಗೆ ಅವನ ಪರವಾಗಿ ಉತ್ತರ ಕೊಡಬೇಕು, ಸಂಜೆಗೆ ಮರೆಯದೆ ಕರೆದು ತಂದು ಊಟಕ್ಕೆ ಕೂರಿಸಬೇಕು. ಕಾಲು ತೊಳೆಸಿದ್ದೊಂದು ತಪ್ಪಾಯಿತು. ಹೊರಗಿಂದ ಬಂದವರು ಕಾಲು ತೊಳೆಯದೆ ಉಣ್ಣುವ ಒಂದು ಮನೆಯನ್ನು ಇವರಿಗೆ ಊಹಿಸಲು ಆಗಲಿಲ್ಲ. ಎಷ್ಟೇ ಜಾಣತನದಿಂದ ಕಟ್ಟಿದರೂ ಕಟ್ಟಿದವನು ಯಾವ ಊರವನೆಂದು ಆ ಕಾಲೇ ಹೇಳುತ್ತಿತ್ತು.

ಇವರು ಮಾಡಿದ್ದು ಅನುವಾದವಲ್ಲ, ಅನುನಯ. ಈಗ ಅನಿಸುತ್ತದೆ: ಆ ಪುಸ್ತಕಕ್ಕೆ ಇಬ್ಬರು ಲೇಖಕರು. ಒಬ್ಬಳು ಇಲ್ಲದವನಿಗಾಗಿ ಬರೆದಳು, ಇನ್ನೊಬ್ಬರು ಇದ್ದವಳಿಗಾಗಿ ಹೇಳಿದರು. ಅವಳನ್ನು ಬಲ್ಲವರೇ ಕಡಿಮೆ. ಇವರನ್ನು ಬಲ್ಲವರು ಅವಳಿಗಿಂತಲೂ ಕಡಿಮೆ, ಒಟ್ಟು ನಾನು ಮತ್ತು ಝೊಹರಾ.

ಝೊಹರಾ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದವಳು ಈಚೆಗೆ ಮರಳಿದಳು. ಮೊನ್ನೆ ಅವಳ ಗಂಡ ಇಬ್ರಿಗೆ ಹೋದ ದಿನ, ಹಿಂದಿನ ಹಾಗೆಯೇ ಬೀನ್ಸಿನ ಪಾತ್ರೆ ಹಿಡಿದು ಇಳಿದು ಬಂದಳು. ಸಂಜೆ ಮುಗಿಯುತ್ತ ಬಂದಿತ್ತು, ಅವನ ಫೋನು ಹತ್ತುತ್ತಿರಲಿಲ್ಲ. ಆ ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಅವಳೇ ಹೇಳಿ, ಅವಳೇ ಮತ್ತೆ ಮತ್ತೆ ಫೋನು ಒತ್ತುತ್ತಿದ್ದಳು. ಆಮೇಲೆ ಬಾಗಿಲಿಗೆ ಒರಗಿ, ಖಾಲಿ ಸ್ಟೂಲನ್ನು ಒಂದು ಗಳಿಗೆ ನೋಡಿ, "ವನಜಕ್ಕಾ, ಆ ಬಾಯಮ್ಮನ ಕತೆ ಎಲ್ಲಿಗೆ ಬಂತು?" ಎಂದಳು.

ಹೇಳದೆ ಉಪಾಯವಿರಲಿಲ್ಲ. ಒಲೆ ಸಣ್ಣ ಮಾಡಿದೆ. ಬಾಯಮ್ಮನ ಗಂಡ ಮೊದಲೇ ಸತ್ತಿದ್ದನೆಂದೂ ನಮಗೆ ಇವರು ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿಕೊಂಡು ಬಂದದ್ದೆಂದೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಝೊಹರಾ ಬೀನ್ಸಿನ ನಾರು ಎಳೆಯುವುದನ್ನು ನಿಲ್ಲಿಸಲಿಲ್ಲ.

"ಅದು ನನಗೆ ಯಾವಾಗಲೋ ಗೊತ್ತುಂಟು," ಎಂದಳು.

"ಹೇಗೆ ಮಾರಾಯ್ತಿ?"

"ಗಂಡ ಮನೆಯಲ್ಲಿದ್ದವಳು ಯಾರಾದ್ರೂ ಅವನ ಕೋಟಿನ ಬಗ್ಗೆ ಅಷ್ಟುದ್ದ ಬರೀತಾಳಾ? ಎರಡು ಬೈಗುಳಕ್ಕೆ ಮುಗೀತದೆ ಅದು."

"ಮತ್ತೆ ನೀನು ಇವರ ಹತ್ರ ಕೇಳ್ತಿದ್ದದ್ದು, ಅವನು ಎಲ್ಲಿ ಹೋದ, ಎಂತಕ್ಕೆ ಹೋದ ಅಂತ?"

"ಅಣ್ಣ ಅಷ್ಟು ಕಷ್ಟಪಟ್ಟು ಅವನನ್ನು ಬದುಕಿಸಿ ಇಟ್ಟಿದ್ರು. ನಾನು ಕೇಳದಿದ್ರೆ ಅವರಿಗೆ ಬೇಜಾರಾಗ್ಲಿಕ್ಕಿಲ್ವಾ?"

ನನಗೆ ನಗುವೂ ಬಂತು, ಅದರ ಬೆನ್ನಿಗೇ ಬರಬೇಕಾದದ್ದೂ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಫ್ರಿಡ್ಜಿನ ಮೇಲಿದ್ದ ಪುಸ್ತಕ ತೆಗೆದು, ಮೊದಲ ಸಲ ಆ ಸ್ಟೂಲಿನ ಮೇಲೆ ಕೂತೆ. ಅದು ಟಕ್ ಎಂದು ವಾಲಿತು. ಅದರ ಹಿಂದಿನ ಶುಕ್ರವಾರ ಶ್ರೇಯಾ ಹೇಳಿದ ಬರಹ ನೆನಪಿತ್ತು: ಬಿರುಗಾಳಿಯ ಮಾರನೆಯ ದಿನ ಗಂಡ ಕಟ್ಟಿದ್ದ ಗಾಳಿಯಂತ್ರ ತಾನಾಗಿ ತಿರುಗುವುದನ್ನು ಬಾಯಮ್ಮ ಕಿಟಕಿಯಿಂದ ನೋಡುತ್ತ ನಿಂತದ್ದು. ಪುಟವನ್ನು ತೆರೆದಿಟ್ಟುಕೊಂಡು, ಗೋಡೆಯ ಕಡೆ ನೋಡುತ್ತ, ಕನ್ನಡದಲ್ಲಿ ಹೇಳಿದೆ. ತುಳುವಿನಲ್ಲಿ ಅಲ್ಲ, ಸ್ಟೂಲಿನ ಮೇಲೆ ಕೂತಾಗ ಕನ್ನಡವೇ ಬಂತು. ಬರಹ ಮುಗಿಯಿತು. ಪುಸ್ತಕದಲ್ಲಿ ಅದು ಕಿಟಕಿಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ಬಿಳಿ ಕಾಗದ.

ಝೊಹರಾ ಫೋನು ನೋಡಿದಳು, ಕೆಳಗಿಟ್ಟಳು. "ಮತ್ತೆ?" ಎಂದಳು. "ಊಟಕ್ಕೆ ಬಂದನಾ?"

ಎಲ್ಲ ಗೊತ್ತಿದ್ದವಳು ಕೇಳುತ್ತಿದ್ದಳು. ಎಲ್ಲ ಗೊತ್ತಿದ್ದವಳಿಗೆ ಹೇಳಬೇಕಿತ್ತು. ಹಾಗೆ ಹೇಳುವುದು ಸುಳ್ಳಾಗುವುದಿಲ್ಲವೆಂದು ಅಷ್ಟು ಖಚಿತವಾಗಿ ನನಗೆ ಹಿಂದೆಂದೂ ಅನಿಸಿರಲಿಲ್ಲ.

"ಬಂದ," ಎಂದೆ.

"ಕಾಲು ತೊಳೆದನಾ?"

"ತೊಳೆಯದೆ ಒಳಗೆ ಬಿಡ್ಲಿಕ್ಕೆ ಉಂಟಾ?"

ಸ್ಟೂಲು ಟಕ್ ಎಂದು ಈ ಕಡೆಗೆ ವಾಲಿತು. ಅದರ ಅಡಿಗೆ ಇಡಲೆಂದು ಈಚೆಗೆ ನಾನೇ ಒಂದು ರಟ್ಟಿನ ತುಂಡನ್ನು ಅಳತೆಗೆ ಕತ್ತರಿಸಿ ಇಟ್ಟಿದ್ದೆ. ಅದನ್ನು ಆ ರಾತ್ರಿ ಕಸದ ಬುಟ್ಟಿಗೆ ಹಾಕಿದೆ.